ಶಾಲುಬಾಯಿ ಕೂಗಿ ಎಣಿಸಿದ ಬಟ್ಟೆ

ಬಾಯಿ ಜೋರು ಎಂದು ಹೆಸರಾದ ಹೆಂಗಸರಲ್ಲಿ ಹೆಚ್ಚಿನವರಿಗೆ ಅದು ಹುಟ್ಟುಗುಣ. ಬೀದರಿನ ಪರೀಟರ ಶಾಲುಬಾಯಿಗೆ ಮಾತ್ರ ಅದು ಕಸುಬು ಕೊಟ್ಟ ಗುಣ. ಅವಳು ಬಟ್ಟೆ ಒಗೆಯುತ್ತಿದ್ದ ಮನೆಗಳಲ್ಲಿ ಅರ್ಧಕ್ಕರ್ಧ ಗೋಷಾದ ಮನೆಗಳು. ಬಾಗಿಲಿಗೆ ದಪ್ಪ ಪರದೆ, ಪರದೆಯ ಆಚೆ ಮನೆಯೊಡತಿ, ಈಚೆ ಓಣಿಯಲ್ಲಿ ಗಂಟು ಬಿಚ್ಚಿಕೊಂಡು ಕೂತ ಶಾಲುಬಾಯಿ. ಒಗೆದ ಬಟ್ಟೆಯನ್ನು ಒಂದೊಂದಾಗಿ ಎತ್ತಿ, ಹೆಸರು ಹಿಡಿದು ಕೂಗಿ, ಪರದೆಯ ಕೆಳಗಿನಿಂದ ಒಳಗೆ ಸರಿಸಬೇಕು. ಒಳಗಿನವಳು ಪ್ರತಿಯೊಂದಕ್ಕೂ "ಹಾಂ" ಅನ್ನಬೇಕು. ಹಾಂ ಅಂದರೆ ಬಟ್ಟೆ ಮನೆ ಮುಟ್ಟಿದಂತೆ. ಆಮೇಲೆ ಇಲ್ಲ ಅನ್ನುವ ಹಾಗಿಲ್ಲ. "ಕುರ್ತಾ ಎರಡೂ! ಪಾಯಜಾಮಾ ಒಂದೂ! ಓಢಣಿ ಮೂರೂ!" ಎಂದು ಅವಳು ಎಣಿಸತೊಡಗಿದರೆ ಯಾರ ಮನೆಯಲ್ಲಿ ಎಷ್ಟು ಹರಿದ ಚಾದರಗಳಿವೆ ಎಂಬುದು ಓಣಿಯ ಕೊನೆಯ ಪಾನದಂಗಡಿಯವನಿಗೂ ಗೊತ್ತಾಗುತ್ತಿತ್ತು. ಮೆಲ್ಲಗೆ ಎಣಿಸು ಎಂದು ಯಾರಾದರೂ ಅಂದರೆ ಅವಳಿಗೆ ಸಿಟ್ಟು ಬರುತ್ತಿತ್ತು.

"ಮೆಲ್ಲಗ ಎಣಿಸಿದರ ನಾಳಿ ಒಂದು ಕಡಿಮಿ ಅದ ಅಂತೀರಿ. ನಾ ಏನು ಕಳ್ಳತನ ಮಾಡ್ಲಾಕ ಬಂದೀನೇನ್ರಿ, ಪಿಸುಪಿಸು ಅನ್ಲಾಕ?"

ಅವಳ ತವರು ಔರಾದ. ಹುಡುಗಿಯಾಗಿದ್ದಾಗಲೇ ಬೀದರಿಗೆ ಸೊಸೆಯಾಗಿ ಬಂದಳು. ಗಂಡ ಕಾಶೀರಾಮ ಸಾಧು ಮನುಷ್ಯ. ಅವನ ಪಾಲಿನ ಮಾತನ್ನೂ ಇವಳೇ ಆಡುತ್ತಿದ್ದಳು. ಪ್ಲೇಗಿನಲ್ಲಿ ಅವನು ಹೋದ. ಮಕ್ಕಳಿರಲಿಲ್ಲ. ಔರಾದಕ್ಕೆ ಬಂದುಬಿಡು ಎಂದು ಅಣ್ಣ ಕರೆದರೆ, ಮಂದಿಯ ಬಟ್ಟೆ ಬಿಟ್ಟು ಹೇಗೆ ಬರಲಿ ಎಂದು ಇವಳು ಹೋಗಲಿಲ್ಲ. ಒಂದು ಕತ್ತೆ, ಬಟ್ಟೆ ಬೇಯಿಸುವ ಒಂದು ಹಂಡೆ, ಸುಗ್ಗಿಯಲ್ಲಿ ಮನೆಮನೆಯಿಂದ ಬರುವ ಜೋಳ, ಸಂಜೆಗೆ ರೊಟ್ಟಿ ಪಲ್ಯ. ಇಷ್ಟರಲ್ಲಿ ಅವಳ ಬದುಕು ನಡೆಯಿತು. ಕಸುಬಿನ ಮಟ್ಟಿಗೆ ಅವಳಿಗೆ ಒಂದೇ ಹೆಮ್ಮೆ: ಒಬ್ಬರ ಮನೆಯ ಬಟ್ಟೆ ಇನ್ನೊಬ್ಬರ ಮನೆಗೆ ಹೋಗಿಲ್ಲ, ಒಂದು ಕರವಸ್ತ್ರವೂ ತನ್ನ ಗುಡಿಸಲಲ್ಲಿ ಉಳಿದಿಲ್ಲ.

ಅವಳು ಬಟ್ಟೆ ಒಗೆಯುತ್ತಿದ್ದ ಮನೆಗಳಲ್ಲಿ ಫಕ್ರುನ್ನಿಸಾ ಬೀಬಿಯದೂ ಒಂದು. ಗಂಡ ಕಚೇರಿಯಲ್ಲಿ ಗುಮಾಸ್ತನಾಗಿದ್ದು ಬೇಗ ತೀರಿಕೊಂಡವನು. ಬೀಬಿಗೆ ಒಬ್ಬನೇ ಮಗ, ಶರಫೋದ್ದೀನ. ಅವನು ಹುಟ್ಟಿದ ದಿನದ ಬಟ್ಟೆಗಳನ್ನು ಕೆರೆಗೆ ಒಯ್ದು ಒಗೆದವಳು ಶಾಲುಬಾಯಿಯೇ. ಅವನ ಅಂಗಿ ಮೊಳದಿಂದ ಮೊಳಕ್ಕೆ ಬೆಳೆದದ್ದನ್ನು ತಾಯಿಯಷ್ಟೇ ಅವಳೂ ನೋಡಿದ್ದಳು. ಅವಳ ಬಾಯಲ್ಲಿ ಅವನು ಶರ್ಫು, ಅವನ ಬಾಯಲ್ಲಿ ಇವಳು ಮೌಸಿ, ಅಂದರೆ ಚಿಕ್ಕಮ್ಮ.

ಇಷ್ಟೆಲ್ಲ ಸರಳವಾಗಿದ್ದ ಊರನ್ನು ಒಂದು ಗೋಡೆ ಎರಡು ಮಾಡಿತು. ಗೋಡೆ ಹೊಸದೇನಲ್ಲ, ಸುಲ್ತಾನರ ಕಾಲದ ಊರಕೋಟೆಯದು. ಸುತ್ತ ಕಂದಕ, ಅಲ್ಲಲ್ಲಿ ದರವಾಜೆ, ಬಿರುಕಿನಲ್ಲಿ ಬೇವಿನ ಗಿಡ. ಜನ ಅದರ ನೆರಳಲ್ಲಿ ಎಮ್ಮೆ ಕಟ್ಟುತ್ತಿದ್ದರು. ಹಿಂದುಸ್ತಾನಕ್ಕೆ ಸ್ವಾತಂತ್ರ್ಯ ಬಂತು, ಬೀದರಿಗೆ ಬರಲಿಲ್ಲ. ನಿಜಾಮರ ರಾಜ್ಯ ಸ್ವತಂತ್ರವಾಗಿಯೇ ಉಳಿಯಬೇಕು ಎನ್ನುವವರು ಒಳಗೆ ಬಲವಾದರು. ಹಿಂದುಸ್ತಾನಕ್ಕೆ ಸೇರಬೇಕು ಎನ್ನುವವರು ಹೊರಗೆ, ಮಂಗಲಪೇಟೆಯಲ್ಲಿ, ಇಂದು ಗಾಂಧಿ ಗಂಜ ಎಂದು ಕರೆಯುವ ದಾಲು-ಜೋಳದ ಪೇಟೆಯ ಸುತ್ತ ಗುಟ್ಟಾಗಿ ಸೇರತೊಡಗಿದರು. ದರವಾಜೆಗಳಿಗೆ ಮುಳ್ಳುತಂತಿ ಬಂತು, ಮರಳಿನ ಚೀಲ ಬಂತು, ಖಾಕಿ ತೊಟ್ಟ ರಜಾಕಾರರು ಬಂದೂಕು ಹಿಡಿದು ನಿಂತರು. ಒಳಗಿನ ಮಗಳು ಬಾಣಂತನಕ್ಕೆ ಹೊರಗಿನ ತಾಯಿಯ ಮನೆಗೆ ಹೋಗಬೇಕಾದರೂ ಚೀಟಿ ಬೇಕಾಯಿತು. ಚೀಟಿ ಇದ್ದರೂ ತಿರುಗಿ ಬರುತ್ತೇವೆಂಬ ಭರವಸೆ ಯಾರಿಗೂ ಇರಲಿಲ್ಲ.

ಶಾಲುಬಾಯಿಗೆ ಮಾತ್ರ ಚೀಟಿ ಕೇಳುತ್ತಿರಲಿಲ್ಲ. ಕೆರೆ ಇದ್ದದ್ದು ಗೋಡೆಯ ಹೊರಗೆ. ಸ್ವತಂತ್ರ ರಾಜ್ಯ ಕಟ್ಟುವವರಿಗೂ ವಾರಕ್ಕೊಮ್ಮೆ ಶುಭ್ರ ಅಂಗಿ ಬೇಕಲ್ಲ! ಬೆಳಿಗ್ಗೆ ಒಳಗಿನ ಗಂಟು ಹೊತ್ತು ಹೊರಗೆ, ಸಂಜೆ ಹೊರಗಿನ ಸುದ್ದಿ ನುಂಗಿಕೊಂಡು ಒಳಗೆ. ಎರಡೂ ಕಡೆಯವರ ಬಾವುಟಗಳು ದಿಂಬಿನ ಚೀಲದಲ್ಲಿ ಸುತ್ತಿಕೊಂಡು ಅವಳ ಕೈಗೆ ಬಂದದ್ದುಂಟು. ಎರಡೂ ಬಣ್ಣ ಬಿಡುತ್ತಿದ್ದವು. ಬೇರೆ ಬೇರೆ ನೆನೆಸಬೇಕಾಗುತ್ತಿತ್ತು. ರಾಜಕಾರಣದ ಬಗ್ಗೆ ಅವಳಿಗೆ ಇದ್ದ ತಿಳಿವಳಿಕೆ ಅಷ್ಟೇ. ಆದರೆ ಹೆದರಿಕೆ ಎಲ್ಲರಷ್ಟೇ ಇತ್ತು. ದರವಾಜೆ ದಾಟುವಾಗ ಅವಳ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅವಳ ಬಾಯಿ ಮುಚ್ಚಿಸಿದ ಮೊದಲ ಸರಕಾರ ಅದು.

ಒಂದು ದಿನ ಅದೇ ದರವಾಜೆಯಲ್ಲಿ ಖಾಕಿ ತೊಟ್ಟು ಶರ್ಫು ನಿಂತಿದ್ದ. ಅಂಗಿ ಮೈಗಿಂತ ದೊಡ್ಡದಾಗಿತ್ತು. ಇವಳನ್ನು ಕಂಡು ಅವನು ಕಣ್ಣು ತಪ್ಪಿಸಿದ.

"ಏನೋ ಶರ್ಫು, ಇದೇನು ವೇಷ?"

"ಸೇರಲಿಲ್ಲಂದರ ಗದ್ದಾರ ಅಂತಾರ ಮೌಸಿ. ಅಮ್ಮೀನ ನೋಡಬೇಕಲ್ಲ," ಅಂದ. ಆಮೇಲೆ ಬೇರೆ ಪಹರೆಯವರಿಗೆ ಕೇಳಿಸುವಂತೆ, "ಹೋಗು ಹೋಗು, ಗಂಟು ನೋಡೀನಿ," ಎಂದು ಗದರಿದ. ಗಂಟನ್ನು ಅವನು ಮುಟ್ಟಿಯೂ ಇರಲಿಲ್ಲ. ಮನಸ್ಸು ಪೂರ್ತಿ ಇಲ್ಲದೆ ಸೇರಿದನೋ, ಸೇರಿದ ಮೇಲೆ ಬಂದೂಕಿನ ರುಚಿ ಹತ್ತಿತೋ, ಹೇಳುವವರು ಯಾರು? ಇಪ್ಪತ್ತರ ಹುಡುಗರ ಮನಸ್ಸನ್ನು ಹೆತ್ತವರೇ ಬಲ್ಲರೋ ಇಲ್ಲವೋ.

ಆ ಬೇಸಿಗೆಯಲ್ಲಿ ಕಮಠಾಣದ ಮೇಲೆ ದಾಳಿಯಾಯಿತು. ಕಣದಲ್ಲಿದ್ದ ಜೋಳಕ್ಕೆ ಬೆಂಕಿ ಬಿತ್ತು, ಕೆಲವರು ಸತ್ತರು. ಸತ್ತವರಲ್ಲಿ ಮನ್ಮಥಪ್ಪ ಎಂಬ ಒಕ್ಕಲಿಗನೂ ಒಬ್ಬ. ಅವನ ಅಣ್ಣ ಮಡೆಪ್ಪ ತಾಯಿ ಗುಂಡಮ್ಮನನ್ನು ಕರೆದುಕೊಂಡು ಮಂಗಲಪೇಟೆಯ ನೆಂಟರ ಮನೆಗೆ ಬಂದು ಉಳಿದ. ಆ ಮನೆಯ ಬಟ್ಟೆಯೂ ಶಾಲುಬಾಯಿಯದೇ. ಸತ್ತವರು ಉಟ್ಟ ಬಟ್ಟೆ ಪರೀಟರಿಗೆ ಸೇರಬೇಕು ಎಂಬುದು ಆ ಕಡೆಯ ರೀತಿ. ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಮನೆಯವರ ಎದುರಿಗೆ ಒಂದೊಂದನ್ನೂ ಕೂಗಿ ಎಣಿಸಿ ಒಯ್ಯಬೇಕು. ಅಲ್ಲಿಗೆ ಸತ್ತವನಿಗೂ ಮನೆಗೂ ಲೆಕ್ಕ ಮುಗಿದಂತೆ. ಗುಂಡಮ್ಮ ಗೋಡೆಗೆ ಒರಗಿ ಕೂತು, ಮಗನ ಒಂದೊಂದು ಧೋತರಕ್ಕೂ ತಲೆಯಾಡಿಸಿದಳು. ಮಡೆಪ್ಪ ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಅವತ್ತು ಶಾಲುಬಾಯಿ ಮೊದಲ ಸಲ ಮೆಲ್ಲಗೆ ಎಣಿಸಿದಳು.

ಅದೇ ವಾರ ಒಳಗಿನ ಗಂಟಿನಲ್ಲಿ ಬಂದ ಶರ್ಫುವಿನ ಖಾಕಿ ಅಂಗಿಯ ತೋಳಿನಲ್ಲಿ ಕಂದು ಕಲೆ ಇತ್ತು. ಎಲೆಯಡಿಕೆಯ ಕಲೆ ಯಾವುದು, ರಕ್ತದ ಕಲೆ ಯಾವುದು ಎಂದು ಪರೀಟರಿಗೆ ಹೇಳಿಕೊಡಬೇಕೆ? ತಣ್ಣೀರಿನಲ್ಲಿ ತಿಕ್ಕಿ ತಿಕ್ಕಿ ತೆಗೆದಳು. ಮರುದಿನ ದರವಾಜೆಯಲ್ಲಿ ಅವನು ಒಬ್ಬನೇ ಸಿಕ್ಕಾಗ ಕೇಳಿಯೂ ಬಿಟ್ಟಳು.

"ತೋಳಿಗೆ ಏನಾಗಿತ್ತೋ?"

"ಮೂಗಿಂದ ರಕ್ತ ಬಂದಿತ್ತು ಮೌಸಿ. ಬಿಸಿಲು."

ಬೀದರಿನ ಬಿಸಿಲಿಗೆ ಮೂಗಿನಿಂದ ರಕ್ತ ಬರುವುದು ಹೊಸದಲ್ಲ. ಅವಳು ನಂಬಿದಳು. ನಂಬಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ಭಾದ್ರಪದ ಬಂತು. ಒಂದು ಮುಂಜಾನೆ ಕೆರೆಯ ಕಲ್ಲಿನ ಮೇಲೆ ಬಟ್ಟೆ ಎತ್ತಿ ಒಗೆಯುತ್ತಿದ್ದಾಗ ತಲೆಯ ಮೇಲೆ ವಿಮಾನಗಳು ಹೋದವು. ದೂರದಲ್ಲಿ ನೆಲ ನಡುಗುವ ಸದ್ದಾಯಿತು. ದರವಾಜೆಗಳು ಮುಚ್ಚಿದವು. ಶಾಲುಬಾಯಿ ಹೊರಗೆ ಸಿಕ್ಕಿಬಿದ್ದಳು. ಒಳಗಿನ ಮನೆಗಳ ಬಟ್ಟೆಯೆಲ್ಲ ಅವಳ ಬಳಿ. ಮಂಗಲಪೇಟೆಯ ಒಂದು ಛಪ್ಪರದ ಕೆಳಗೆ ಗಂಟುಗಳ ಮೇಲೆಯೇ ಮಲಗಿ ಕಾದಳು. ಭಾಲ್ಕಿಯ ಕಡೆಯಿಂದ ಹಿಂದುಸ್ತಾನದ ಫೌಜು ಬರುತ್ತಿದೆಯಂತೆ, ರಜಾಕಾರರು ಬಂದೂಕು ಬಾವಿಗೆ ಎಸೆದು ಓಡುತ್ತಿದ್ದಾರಂತೆ ಎಂದು ಜನ ಹೇಳಿದರು. ಅವಳಿಗೆ ಕೊರೆಯುತ್ತಿದ್ದ ಚಿಂತೆ ಬೇರೆ. ಇಷ್ಟು ದಿನ ಮಂದಿಯ ಬಟ್ಟೆ ಇಟ್ಟುಕೊಂಡದ್ದು ಅವಳ ಜನ್ಮದಲ್ಲಿ ಇದೇ ಮೊದಲು. ನಕ್ಕರೆ ನಗಿ, ರಾಜ್ಯವೊಂದು ಮುಳುಗುತ್ತಿದ್ದಾಗ ಆ ಹೆಂಗಸು ಫಕ್ರುನ್ನಿಸಾ ಬೀಬಿಗೆ ಉಡಲು ಒಗೆದ ಸೀರೆ ಇದೆಯೋ ಇಲ್ಲವೋ ಎಂದು ಚಡಪಡಿಸುತ್ತಿದ್ದಳು.

ದರವಾಜೆಗಳು ತೆರೆದಾಗ ಪಹರೆ ಬದಲಾಗಿತ್ತು. ಮರಳಿನ ಚೀಲ ಅವೇ, ಮುಳ್ಳುತಂತಿಯೂ ಅದೇ. ಅದರ ಹಿಂದೆ ನಿಂತ ಸಿಪಾಯಿಗಳು ಬೇರೆ, ಹೆದರಿ ಮನೆಯೊಳಗೆ ಅವಿತವರೂ ಬೇರೆ. ಹಗಲು ಫೌಜಿನವರು ದೊಡ್ಡ ರಸ್ತೆಗಳಲ್ಲಿ ಇರುತ್ತಿದ್ದರು. ಓಣಿಗಳಲ್ಲಿ ಹಳ್ಳಿಗಳಿಂದ ಬಂದ ಗುಂಪುಗಳು, ಸುಟ್ಟ ಮನೆಗಳ, ಸತ್ತ ತಮ್ಮಂದಿರ ಲೆಕ್ಕ ತೀರಿಸಲು ತಿರುಗುತ್ತಿದ್ದವು. ಖಾಕಿ ಸಿಕ್ಕ ಮನೆಯಿಂದ ಎಳೆದೊಯ್ದ ಗಂಡಸು ತಿರುಗಿ ಬರುತ್ತಿರಲಿಲ್ಲ.

ಶಾಲುಬಾಯಿ ಕತ್ತೆ ಹೊಡೆದುಕೊಂಡು ಮನೆಮನೆಗೆ ಹೋದಳು. ಮೊದಲ ಮನೆಯಲ್ಲಿ ಖಾಕಿ ಎತ್ತಿ ಕೂಗಿದ ಕೂಡಲೇ ಒಳಗಿನಿಂದ, "ನಮ್ಮದಲ್ಲ, ನಮ್ಮದಲ್ಲ, ಒಯ್ಯಿ" ಎಂಬ ದನಿ ಬಂತು. ಎರಡನೆಯ ಮನೆಯಲ್ಲೂ ಅದೇ. ಹೋದ ತಿಂಗಳು ಒಂದು ಗುಂಡಿ ಕಿತ್ತುಹೋಯಿತೆಂದು ಅರ್ಧ ತಾಸು ಬೈದ ಮನೆ ಅದು! ಅವಳಿಗೆ ರೇಗಿತು. ಬಟ್ಟೆಗೆ ತಾನು ಹಾಕಿದ ಗುರುತು ತಪ್ಪುತ್ತದೆಯೆ? ಆಮೇಲೆ ತಿಳಿಯಿತು. ತಿಳಿದ ಮೇಲೆ ಆ ಖಾಕಿಗಳನ್ನು ಉಳಿದ ಬಟ್ಟೆಯ ಅಡಿಗೆ ತುರುಕಿದಳು, ಕೆರೆಯ ಆಳಕ್ಕೆ ಎಸೆದರಾಯಿತೆಂದು.

ಇಷ್ಟು ತಿಳಿದವಳು ಫಕ್ರುನ್ನಿಸಾಳ ಬಾಗಿಲಲ್ಲಿ ಹಾಗೆ ಹೇಗೆ ಮಾಡಿದಳು? ಅದನ್ನು ಅವಳು ಸಾಯುವವರೆಗೂ ತನ್ನನ್ನು ತಾನೇ ಕೇಳಿಕೊಂಡಳು. ಬೇರೆಯವರದು ಅವಳ ಕಣ್ಣಿಗೆ ಖಾಕಿಯಾಗಿ ಕಂಡಿತ್ತು. ಶರ್ಫುವಿನದು ಶರ್ಫುವಿನ ಅಂಗಿಯಾಗಿಯೇ ಕಂಡಿತು. ಕೈ ಎಷ್ಟೋ ವರ್ಷಗಳಿಂದ ಮಾಡುತ್ತಿದ್ದುದನ್ನು ಮಾಡಿತು, ಬಾಯಿ ಕೈಯನ್ನು ಹಿಂಬಾಲಿಸಿತು.

"ಸೀರಿ ಎರಡೂ!"

"ಹಾಂ." ಪರದೆಯ ಆಚೆ ದನಿ ಬತ್ತಿತ್ತು.

"ಚಾದರ ಒಂದೂ!"

"ಹಾಂ."

"ಖಾಕಿ ಅಂಗಿ ಒಂದೂ!"

ಹಾಂ ಬರಲಿಲ್ಲ. ಹಾಂ ಬರದಿದ್ದರೆ ಕೇಳಿಸಿಲ್ಲ ಎಂದರ್ಥ. ಕೇಳಿಸದಿದ್ದರೆ ಇನ್ನೂ ಜೋರಾಗಿ ಕೂಗಬೇಕು. ಅದು ಅವಳ ಕಸುಬು.

"ಖಾಕಿ ಅಂಗಿ ಒಂದೂ! ಖಾಕಿ ಚಡ್ಡಿ ಒಂದೂ!"

"ಚುಪ್ ಶಾಲೂ!" ಪರದೆ ನಡುಗಿತು. ಕೆಳಗಿನಿಂದ ಒಂದು ಕೈ ಬಂದು ಅವಳ ಮಣಿಕಟ್ಟು ಹಿಡಿಯಿತು. ತಣ್ಣಗಿತ್ತು ಆ ಕೈ. "ಅವ ಒಳಗಿದ್ದಾನ. ನಿನ್ನೆ ಬಂದಾನ. ಇನ್ನೊಂದು ಜೋಡಿ ಒಲಿಯಾಗ ಸುಟ್ಟೇನಿ, ಇದನ್ನ ಮರತೇನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓಣಿಯ ತಿರುವಿನಲ್ಲಿ ಮೆಟ್ಟಿನ ಸದ್ದು ನಿಂತು, ಮತ್ತೆ ಇತ್ತ ಕಡೆ ಹೊರಳಿತು. ಶಾಲುಬಾಯಿ ತಿರುಗಿ ನೋಡಿದಳು. ಐದಾರು ಜನ, ಕೈಯಲ್ಲಿ ಬಡಿಗೆ, ಕೊಡಲಿ. ಮುಂದೆ ಇದ್ದವನು ಕಮಠಾಣದ ಮಡೆಪ್ಪ.

ಖಾಕಿ ಅಂಗಿ ಅವಳ ತೊಡೆಯ ಮೇಲಿತ್ತು. ಮುಚ್ಚಿಟ್ಟರೆ ತಾನೇ ಒಪ್ಪಿಕೊಂಡಂತೆ. ಮನೆ ತಪ್ಪಿತು ಎಂದರೆ, ಯಾರ ಮನೆಯದು ಹೇಳು ಅನ್ನುತ್ತಾರೆ. ಯಾರ ಹೆಸರು ಹೇಳಿದರೂ ಆ ಮನೆಯ ಗಂಡಸು ಹೋದ. ಬಾಯಿಯೇ ಬಂಡವಾಳವಾದವಳಿಗೆ ಆ ಗಳಿಗೆಯಲ್ಲಿ ಮಾತೇ ಹುಟ್ಟಲಿಲ್ಲ.

"ಯಾರ್ದು ಅಂಗಿ, ಶಾಲುಬಾಯಿ?" ಮಡೆಪ್ಪನ ದನಿ ಜೋರಾಗಿರಲಿಲ್ಲ. ನಿದ್ದೆಗೆಟ್ಟ ಕಣ್ಣುಗಳು ಕೆಂಪಾಗಿದ್ದವು. "ಈ ಮನೀದೇನು? ಈ ಮನ್ಯಾಗ ದರವಾಜಿ ಕಾಯೋ ಹುಡುಗ ಇದ್ದ. ನಾ ನೋಡೀನಿ. ಎಲ್ಲಿದ್ದಾನ?"

ಅವನ ಹಿಂದಿನವನೊಬ್ಬ ಪರದೆಯತ್ತ ಕೈ ಚಾಚಿದ. ಆಗ ಶಾಲುಬಾಯಿಯ ಬಾಯಿಂದ ಮಾತು ಬಂತು. ಅವಳು ಯೋಚಿಸಿ ಆಡಿದ್ದಲ್ಲ. ಯೋಚಿಸಿದ್ದರೆ ಆ ಮಾತು ಆಡುತ್ತಿರಲಿಲ್ಲ.

"ಮುಟ್ಟಬ್ಯಾಡ್ರಿ ಯಪ್ಪಾ! ಸಾವಿನ ಮನಿ ಅದ. ಈ ಅಂಗಿ ತೊಟ್ಟಾಂವ ಸತ್ತಾನ."

ಚಾಚಿದ ಕೈ ನಿಂತಿತು.

"ಎಲ್ಲಿ ಸತ್ತ?"

"ಭಾಲ್ಕಿ ರಸ್ತಾದಾಗ. ಹೆಣ ಸುದ್ದಾ ಸಿಗಲಿಲ್ಲರಿ. ಅವನ ಬಟ್ಟಿ ಒಯ್ಲಾಕ ಬಂದೀನಿ. ಒಗಿಲಾಕ ಬಂದಿದ್ದು ಮೊದಲ ಎಣಿಸಿ ತೋರಿಸ್ಲಿಕತ್ತಿದ್ದೆ. ಉಳದದ್ದು ಬೀಬಿ ಕೊಡಬೇಕು."

ಮಡೆಪ್ಪ ಅವಳನ್ನೇ ನೋಡಿದ. ಅವನ ತಮ್ಮನ ಧೋತರ ಎಣಿಸಿದ ಬಾಯಿ ಇದು. ಆಮೇಲೆ ಅವನು ಪರದೆಯ ಕಡೆ ಮುಖ ಮಾಡಿದ.

"ಅಮ್ಮಾ, ಈಕಿ ಹೇಳೂದು ಖರೆ ಅದ ಏನ್ರಿ?"

ಪರದೆಯ ಆಚೆ ಸದ್ದಿಲ್ಲ. ಅಲ್ಲೇ ಒಳಕೋಣೆಯಲ್ಲಿ, ಜೋಳ ತುಂಬಿಟ್ಟ ಗುಮ್ಮಿಯ ಹಿಂದೆ, ಮಗ ಉಸಿರು ಬಿಗಿಹಿಡಿದು ಕೂತಿದ್ದಾನೆ. ಅವನು ಕೇಳುತ್ತಿರುವಾಗ ಅವನು ಸತ್ತ ಎಂದು ಹೆತ್ತ ತಾಯಿ ಹೇಳಬೇಕು. ಹೇಳಬಾರದ ಮಾತು ಅದು. ಹೇಳದಿದ್ದರೆ ನಿಜವಾಗುವ ಮಾತು. ಬೇಗ ಹೇಳವ್ವಾ, ಒಂದೇ ಮಾತು, ಎಂದು ಶಾಲುಬಾಯಿ ಮನಸ್ಸಿನಲ್ಲಿ ಅಂಗಲಾಚಿದಳು. ಬೀಬಿ ಹೇಳಲಿಲ್ಲ. ಒಳಗೆ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಪರದೆಯ ಕೆಳಗಿನಿಂದ ಒಂದು ಬಿಳಿ ಕುರ್ತಾ ಹೊರಗೆ ಬಂತು.

ಶಾಲುಬಾಯಿ ಅದನ್ನು ತೆಗೆದುಕೊಂಡಳು. "ಕುರ್ತಾ ಒಂದು," ಅಂದಳು. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ.

"ಹಾಂ."

"ಕುರ್ತಾ ಎರಡು."

"ಹಾಂ."

"ಪಾಯಜಾಮಾ ಒಂದು."

"ಹಾಂ."

ಒಂದೊಂದೇ ಬಂದವು. ಮೊಣಕಾಲಿನ ಬಳಿ ತೇಪೆ ಹಾಕಿದ ಪಾಯಜಾಮಾ, ಶಾಲೆಗೆ ಹೋಗುತ್ತಿದ್ದಾಗಿನ ಟೊಪ್ಪಿಗೆ, ಚಳಿಗಾಲದ ಬನಿಯನ್. ಗುಂಪಿನವರಲ್ಲಿ ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಗೆ ಬಂದದ್ದು ಒಂದು ಶೇರವಾನಿ. ಭಾಲ್ಕಿಯ ಜಾಹೇದಾ ಎಂಬ ಹುಡುಗಿಯೊಂದಿಗೆ ಅವನ ನಿಕಾ ನಿಶ್ಚಯವಾಗಿತ್ತು. ಅದಕ್ಕೆಂದೇ ಹೊಲಿಸಿದ್ದು, ಇನ್ನೂ ಮೈಗೆ ಹಾಕದ್ದು. ಅದು ಅರ್ಧ ಹೊರಗೆ ಬಂದು ನಿಂತಿತು. ಒಳಗಿನಿಂದ ಬಿಡುತ್ತಿಲ್ಲ. ಶಾಲುಬಾಯಿ ಇತ್ತಲಿಂದ ಎಳೆಯಲಾರಳು, ಬಿಡಲಾರಳು.

"ಶೇರವಾನಿ ಒಂದು, ಬೀಬಿ," ಅಂದಳು.

ಆಗ ಒಳಗಿನಿಂದ ಅಳು ಬಂತು. ನಾಟಕದ ಅಳುವಲ್ಲ. ಗಂಡ ಸತ್ತಾಗಲೂ ದನಿ ತೆಗೆಯದ ಹೆಂಗಸು ಹೊಟ್ಟೆಯ ಒಳಗಿನಿಂದ ಕಿತ್ತು ಅತ್ತಳು. ಅಳುತ್ತಲೇ "ಹಾಂ" ಅಂದಳು. ಶೇರವಾನಿ ಹೊರಗೆ ಬಂತು.

ಮಡೆಪ್ಪ ಬೆನ್ನು ತಿರುಗಿಸಿ ನಿಂತಿದ್ದ, ತನ್ನ ಅಂಗಳದಲ್ಲಿ ನಿಂತಂತೆಯೇ. ಗುಂಪಿನಲ್ಲಿ ಯಾವನೋ, ಒಳಗೆ ಒಮ್ಮೆ ನೋಡಿಯೇ ಬಿಡೋಣ ಎಂದು ಗೊಣಗಿದ. ಮಡೆಪ್ಪ ಅವನ ಬಡಿಗೆಯನ್ನು ಕೈಯಿಂದ ಕಸಿದು ನೆಲಕ್ಕೆ ಊರಿದ.

"ತಾಯಿ ಎಣಿಸಿಕೊಟ್ಟಾಳ. ನಮ್ಮವ್ವನೂ ಹಿಂಗೇ ಕೊಟ್ಟಿದ್ದಳು. ನಡೀರಿ."

ಹೋಗುವಾಗ ಅವನು ಪರದೆಗೆ ಕೈ ಮುಗಿದ. ಅದನ್ನು ನೋಡಿ ಶಾಲುಬಾಯಿಗೆ ಎದೆಯಲ್ಲಿ ಚೂರಿ ಆಡಿಸಿದಂತಾಯಿತು. ದುಷ್ಟನನ್ನು ವಂಚಿಸಿದ್ದರೆ ಅವಳು ಆ ರಾತ್ರಿ ನೆಮ್ಮದಿಯಾಗಿ ರೊಟ್ಟಿ ತಿನ್ನುತ್ತಿದ್ದಳು. ವಂಚಿಸಿದ್ದು ದುಃಖ ಬಲ್ಲವನನ್ನು, ಅದೂ ಅವನ ದುಃಖವನ್ನೇ ಬಳಸಿಕೊಂಡು.

ಸತ್ತವನನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮರುದಿನ ಬೆಳಗಾಗುತ್ತಲೇ ಶಾಲುಬಾಯಿ ಹಿತ್ತಲ ಬಾಗಿಲಿಗೆ ಬಂದಳು. ಶರ್ಫುವಿಗೆ ಉಡಲು ಮೈಮೇಲಿನ ಲುಂಗಿ ಬಿಟ್ಟರೆ ಬೇರೆ ಏನೂ ಉಳಿದಿರಲಿಲ್ಲ. ಪೇಟೆಯ ವ್ಯಾಪಾರಿಯೊಬ್ಬನ ಧೋತರವನ್ನು ಗಂಟಿನಿಂದ ತೆಗೆದು ಉಡಿಸಿದಳು. ಒಬ್ಬರ ಬಟ್ಟೆಯನ್ನು ಇನ್ನೊಬ್ಬರ ಮೈಮೇಲೆ ಹಾಕಿದ್ದು ಅದೊಂದೇ ಸಲ. ತಲೆಯ ಮೇಲೆ ದೊಡ್ಡ ಗಂಟು ಹೊರಿಸಿದಳು. ಮುಖ ಅರ್ಧ ಮುಚ್ಚಿತು. ಫಕ್ರುನ್ನಿಸಾ ಮಗನ ತಲೆ ಸವರಲು ಬಂದಳು. ಗಂಟು ಅಡ್ಡ ಇತ್ತು. ಕೈಯನ್ನು ಅವನ ಎದೆಯ ಮೇಲಿಟ್ಟು ಒಳಗೆ ಹೋದಳು.

ದರವಾಜೆಯಲ್ಲಿ ಸಿಪಾಯಿ ತಡೆದ. ಯಾರು ಇವನು ಎಂದು ಹಿಂದಿಯಲ್ಲಿ ಕೇಳಿದ. ಶರ್ಫುವಿನ ಕಾಲು ನಡುಗುತ್ತಿದ್ದುದು ಶಾಲುಬಾಯಿಗೆ ಕಂಡಿತು. ಇದೇ ಕಲ್ಲಿನ ಮೇಲೆ ಇದೇ ಹುಡುಗ ಬಂದೂಕು ಹಿಡಿದು ಬೇರೆಯವರ ಕಾಲು ನಡುಗುವುದನ್ನು ನೋಡುತ್ತಿದ್ದ.

"ನನ್ನ ಅಣ್ಣನ ಮಗ ಮಚ್ಛೇಂದ್ರ. ಔರಾದದಿಂದ ಬಂದಾನ್ರಿ. ನೋಡ್ರಿ, ಗಂಟು ಬಿಚ್ಚಿ ನೋಡ್ರಿ, ಬಾಣಂತಿ ಬಟ್ಟಿ ಅವ."

ಸಿಪಾಯಿಗೆ ಭಾಷೆ ತಿಳಿಯಲಿಲ್ಲ; ವಾಸನೆ ತಿಳಿಯಿತು. ಮೂಗು ಮುರಿದು, ಹೋಗು ಎಂದು ಕೈ ಬೀಸಿದ.

ಕೆರೆಯ ದಂಡೆಯಲ್ಲಿ ಶರ್ಫು ಗಂಟು ಇಳಿಸಿದ. ಅಲ್ಲಿಂದ ಹೊಲಗಳನ್ನು ಹಾದು ಹೈದರಾಬಾದಿನ ರಸ್ತೆ ಹಿಡಿಯಬೇಕು. ದೊಡ್ಡ ಊರು, ಅಲ್ಲಿ ಯಾರು ಯಾರನ್ನು ಗುರುತಿಸುತ್ತಾರೆ? ಅವನು ಅವಳ ಕಾಲು ಮುಟ್ಟಲು ಬಾಗಿದ. ಅವಳು ತಡೆದಳು. ಕೇಳಬಾರದು ಎಂದುಕೊಂಡಿದ್ದಳು. ಕೇಳಿದಳು.

"ಶರ್ಫು, ಬೇಸಿಗಿಯಾಗ ನಿನ್ನ ತೋಳಿಗಿದ್ದ ರಕ್ತ ಯಾರ್ದು?"

ಅವನು ನೀರಿನ ಕಡೆ ನೋಡಿದ. "ಮೂಗಿಂದೇ ಮೌಸಿ," ಅಂದ. ಅವಳ ಮುಖ ನೋಡಿ ಹೇಳಲಿಲ್ಲ. ಆಮೇಲೆ ತಿರುಗಿ, ತುಸು ಅವಸರದಲ್ಲಿ, ತೊಗರಿಯ ಹೊಲದೊಳಗೆ ಹೋದ.

ಸುಳ್ಳು ಒಮ್ಮೆ ಬಾಯಿಬಿಟ್ಟರೆ ಊಟ ಕೇಳುತ್ತದೆ. ನೆರೆಹೊರೆಯವರು ಫಕ್ರುನ್ನಿಸಾಳನ್ನು ಮಾತಾಡಿಸಲು ಬಂದರು. ಬಂದವರೆದುರು ಅವಳು ಅಳಬೇಕಾಯಿತು. ನಲವತ್ತನೆಯ ದಿನ ಕುರಾನ್ ಓದಿಸಿ ಅನ್ನ ಹಾಕಿಸಬೇಕಾಯಿತು. ಜಾಹೇದಾಳ ತಂದೆ ಭಾಲ್ಕಿಯಿಂದ ಬಂದು ಕಣ್ಣೀರು ಹಾಕಿ ಹೋದ. ಮುಂದಿನ ವರ್ಷ ಹುಡುಗಿಯನ್ನು ಬೇರೆ ಕಡೆ ಕೊಟ್ಟ. ಸತ್ತವರ ಬಟ್ಟೆಯನ್ನು ಪರೀಟರು ಮಾರದೆ ಇಟ್ಟುಕೊಂಡರೆ ಜನರಿಗೆ ಸಂಶಯ ಬರುತ್ತದೆ. ಶಾಲುಬಾಯಿ ಅವನ್ನೆಲ್ಲ ಔರಾದದ ಸಂತೆಗೆ ಒಯ್ದು ಮಾರಿದಳು. ಶೇರವಾನಿಯನ್ನು ಒಬ್ಬ ಮದುಮಗನ ಅಪ್ಪ ಚೌಕಾಸಿ ಮಾಡಿ ಕೊಂಡುಕೊಂಡ.

ಮಡೆಪ್ಪನಿದ್ದ ಮಂಗಲಪೇಟೆಯ ಮನೆಯ ಬಟ್ಟೆ ಒಗೆಯುವುದನ್ನು ಮಾತ್ರ ಅವಳು ಬಿಟ್ಟಳು. ಯಾಕೆ ಎಂದು ಗುಂಡಮ್ಮ ಎಷ್ಟು ಕೇಳಿದರೂ, ಸೊಂಟ ನೋಯುತ್ತದೆ, ಅಷ್ಟು ದೂರ ಆಗುವುದಿಲ್ಲ ಅಂದಳು. ಮಡೆಪ್ಪ ದಾರಿಯಲ್ಲಿ ಸಿಕ್ಕು, "ಆರಾಮ ಇದ್ದೀಯೇನು ಶಾಲುಬಾಯಿ, ಆ ಬೀಬಿ ಹ್ಯಾಂಗಿದ್ದಾಳ?" ಎಂದು ಕೇಳುತ್ತಿದ್ದ. ಅವನು ದೂರದಲ್ಲಿ ಕಂಡರೆ ಅವಳು ಕತ್ತೆಯನ್ನು ಬೇರೆ ಓಣಿಗೆ ಹೊಡೆಯುತ್ತಿದ್ದಳು. ಸಾವಾದ ಮನೆಗಳ ಬಟ್ಟೆಯನ್ನೂ ಆಮೇಲೆ ಅವಳು ಒಯ್ಯಲಿಲ್ಲ. ತನ್ನ ಪಾಲನ್ನು ಭಾವನ ಮಕ್ಕಳಿಗೆ ಬಿಟ್ಟಳು.

ಮುಳ್ಳುತಂತಿ ಹೋಯಿತು, ಮರಳಿನ ಚೀಲ ಮಳೆಗೆ ಕರಗಿತು. ದರವಾಜೆಯ ಬುಡದಲ್ಲಿ ಮತ್ತೆ ಎಮ್ಮೆ ಕಟ್ಟಿದರು. ಬೀದರ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸೇರಿತು. ಶರ್ಫುವಿನಿಂದ ಸುದ್ದಿ ಬರಲಿಲ್ಲ. ಸತ್ತವನು ಕಾಗದ ಬರೆಯುವುದು ಹೇಗೆ? ಬರೆದರೆ ಟಪಾಲಿನವನು ಓಣಿಯಲ್ಲಿ ಹೆಸರು ಕೂಗುತ್ತಾನೆ. ಅದಕ್ಕೆ ಹೆದರಿ ಬರೆಯಲಿಲ್ಲವೋ, ಹೈದರಾಬಾದು ಮುಟ್ಟಲೇ ಇಲ್ಲವೋ, ಕಡಲು ದಾಟಿ ಬೇರೆ ದೇಶಕ್ಕೆ ಹೋದನೋ, ಇಬ್ಬರು ಹೆಂಗಸರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬೇರೆ ಯಾರೊಂದಿಗೂ ಹೇಳಿಕೊಳ್ಳುವಂತೆಯೂ ಇರಲಿಲ್ಲ.

ಫಕ್ರುನ್ನಿಸಾಳಿಗೆ ವಯಸ್ಸಾಯಿತು. ಅವಳ ಗಂಟು ಚಿಕ್ಕದಾಗುತ್ತ ಬಂತು: ಎರಡು ಬಿಳಿ ಸೀರೆ, ಒಂದು ಚಾದರ. ಅಷ್ಟಕ್ಕೂ ಶಾಲುಬಾಯಿ ತಪ್ಪದೆ ಬರುತ್ತಿದ್ದಳು. ಮುದುಕಿಯಾದ ಮೇಲೆ ಬೀಬಿ ಗೋಷಾ ಬಿಟ್ಟಿದ್ದಳು, ಆದರೂ ಎಣಿಸುವಾಗ ಪರದೆ ಇಳಿಬಿಡುತ್ತಿದ್ದಳು. ಅದು ಅವಳಿಗೆ ಶಾಲುಬಾಯಿಯ ಮುಖ ನೋಡಲಾರದ ಸಿಟ್ಟೋ, ತನ್ನ ಮುಖ ತೋರಿಸಲಾರದ ಸಂಕಟವೋ. ಎಣಿಕೆ ಮುಗಿದ ಮೇಲೆ ಪ್ರತಿ ಸಲವೂ ಆಚೆಯಿಂದ ಒಂದೇ ಪ್ರಶ್ನೆ ಬರುತ್ತಿತ್ತು, ಓಣಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ.

"ಶಾಲೂ, ಅವತ್ತ ನೀ ಹೇಳಿದ್ದು ಸುಳ್ಳು. ಹೌದಿಲ್ಲೋ?"

ಊರೆಲ್ಲ ಕೇಳುವಂತೆ ಕೂಗುತ್ತಿದ್ದ ಹೆಂಗಸು ಪರದೆಯ ಬಳಿಗೆ ಬಾಯಿ ತಂದು ಹೇಳುತ್ತಿದ್ದಳು.

"ಹೌದ್ರಿ ಬೀಬಿ. ಸುಳ್ಳು ಹೇಳೀನಿ."

"ಹಾಂ," ಅನ್ನುತ್ತಿದ್ದಳು ಫಕ್ರುನ್ನಿಸಾ.